ಕಾಯಲು ಕಲಿತ ಯಂತ್ರ

ನಮ್ಮ ಸಂಘದ ಮದ್ದಳೆಗಾರರು ಮೂರು ವರ್ಷ ವಾರ್ಷಿಕೋತ್ಸವದ ವೇದಿಕೆಯನ್ನು ಏರಲಿಲ್ಲ. ಜಗಳವೇನೂ ಇರಲಿಲ್ಲ. ಸಭೆಗೆ ಬರುತ್ತಿದ್ದರು, ಮುಂದಿನ ಸಾಲಿನಲ್ಲಿ ಕುಳಿತು ಮಕ್ಕಳ ಹಾಡು ಕೇಳುತ್ತಿದ್ದರು, ಊಟ ಮುಗಿಸಿ ಹೋಗುತ್ತಿದ್ದರು. ಧ್ವನಿಮುದ್ರಿತ ಹಿಮ್ಮೇಳವನ್ನು, ಮಕ್ಕಳ ಭಾಷೆಯಲ್ಲಿ 'ಟ್ರ್ಯಾಕ್' ಅನ್ನು, ನಾವು ವೇದಿಕೆಗೆ ತಂದಂದಿನಿಂದ ಅವರ ಸ್ಥಾನ ತೆರವಾಗಿತ್ತು. ಒಮ್ಮೆ ಕೇಳಿದಾಗ, "ಹಾಡುವವರು ಉಸಿರೆಳೆದುಕೊಳ್ಳುವಾಗ ಕಾಯದ ಹಿಮ್ಮೇಳದ ಪಕ್ಕದಲ್ಲಿ ಕುಳಿತು ನಾನು ಮಾಡುವುದೇನು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಪಾರ್ತಿಸುಬ್ಬನ ಕುಂಬಳೆ ಇರುವ ನಾಡು ನಮ್ಮದು. ಭಾಗವತನ ಮುಖ ನೋಡಿ ನುಡಿಸುವುದೇ ಇಲ್ಲಿಯ ಹಿಮ್ಮೇಳದ ಕ್ರಮ. ಕನ್ನಡದ ವೇದಿಕೆಗಳು ಕಾಸರಗೋಡಿನಲ್ಲಿ ಎಣಿಕೆಗೆ ಸಿಗುವಷ್ಟೇ. ಅದರಲ್ಲೊಂದು ಮದ್ದಳೆಗೆ ಇಲ್ಲವಾದರೆ ಅವರ ಇಬ್ಬರು ಶಿಷ್ಯರು ಯಾರಿಗಾಗಿ ಕಲಿಯಬೇಕು? ಆ ಹುಡುಗರು ಆಗಲೇ ಅಭ್ಯಾಸ ಬಿಟ್ಟಿದ್ದರು.

ಟ್ರ್ಯಾಕ್ ತಂದ ತಪ್ಪು ನಮ್ಮ ಮೂವರದೇ ಆದುದರಿಂದ ದಾರಿ ಹುಡುಕುವ ಕೆಲಸವೂ ನಮ್ಮ ಪಾಲಿಗೆ ಬಂತು. ನಾವು ಕನ್ನಡ ಮಾಧ್ಯಮದಲ್ಲಿ ಓದಿದವರು. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಕಲಿಸಿದ್ದು, ಈಗ ಕೈಟ್ ಕಲಿಸುತ್ತಿರುವುದು, ಗ್ನು ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶವನ್ನು. ಆದ್ದರಿಂದ ಲಿನಕ್ಸ್ ನಮಗೆ ಅಪರಿಚಿತವಾಗಿರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದು ರಾಬ್ ಬ್ಯೂಸ್ ಎಂಬವರು ಬರೆದ 'ಸೀಕ್24' ಎಂಬ ಪುಟ್ಟ ಮಿಡಿ ಸೀಕ್ವೆನ್ಸರ್, ಹಾಗೂ ಅದರ ಮೂಲಸಂಕೇತದಿಂದಲೇ ಬೆಳೆದ 'ಸೀಕ್66'. ಬೆಲೆಯಿಲ್ಲ ಎಂದು ತಿಳಿದಾಗ ನಮ್ಮ ಕೋಶಾಧಿಕಾರಿಗಳ ಮುಖ ಅರಳಿದ್ದನ್ನು ಇಲ್ಲಿ ದಾಖಲಿಸಲೇಬೇಕು.

ಮಿಡಿ ಎಂದರೆ ಧ್ವನಿಯಲ್ಲ. ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಪರಸ್ಪರ ಮಾತನಾಡಲೆಂದು 1983ರಲ್ಲಿ ರೂಪುಗೊಂಡ ಒಂದು ಲಿಪಿ ಅದು: ಇಂಥ ಸ್ವರ ಹಿಡಿ, ಇಷ್ಟು ಬಲದಿಂದ ಹಿಡಿ, ಈಗ ಬಿಡು. ಪ್ರಸಂಗದ ಪುಸ್ತಕ ತಾನಾಗಿ ಹಾಡುವುದಿಲ್ಲವಷ್ಟೆ; ಸೀಕ್ವೆನ್ಸರ್ ಕೂಡ ಹಾಗೆಯೇ. ಹಾಡಬೇಕಾದುದು ತಂತಿಯ ಆ ತುದಿಯಲ್ಲಿರುವ ಸಿಂಥಸೈಜರ್.

ಸೀಕ್24ರ ಪರದೆಯಲ್ಲಿ ಎಂಟು ಕಂಬ, ನಾಲ್ಕು ಸಾಲು, ಒಟ್ಟು 32 ಚೌಕಗಳು. ಪ್ರತಿ ಚೌಕದಲ್ಲೂ ಒಂದು ಸಣ್ಣ ನಾದಖಂಡವನ್ನು ಬರೆದಿಡಬಹುದು. ಕೀಲಿಮಣೆಯ ಒಂದು ಅಕ್ಷರ ಒತ್ತಿದರೆ ಅದು ಮೊದಲಾಗುತ್ತದೆ, ಮತ್ತೊಮ್ಮೆ ಒತ್ತುವವರೆಗೆ ಆವರ್ತಿಸುತ್ತಲೇ ಇರುತ್ತದೆ. ನಮಗೆ ಬೇಕಾದುದು ಇದೇ ಆಗಿತ್ತು. ಟ್ರ್ಯಾಕ್‌ನಲ್ಲಿ ಆಲಾಪಕ್ಕೆ ಅಳೆದಿಟ್ಟ ಕಾಲ. ಇಲ್ಲಿ ಹಾಡುವವರು ಎಷ್ಟು ಬೆಳೆಸಿದರೂ ಶ್ರುತಿಯ ಚೌಕ ತಿರುಗುತ್ತ ನಿಂತಿರುತ್ತದೆ. ಸರದಿ ಎಂಬ ಸೌಲಭ್ಯವೂ ಉಂಟು: ಸರದಿಯ ಕೀಲಿಯನ್ನು ಹಿಡಿದುಕೊಂಡು ಚೌಕದ ಅಕ್ಷರ ಒತ್ತಿದರೆ ಬದಲಾವಣೆ ಆ ಕ್ಷಣ ಆಗದೆ ಆವರ್ತನ ಮುಗಿದ ಮೇಲೆ ಆಗುತ್ತದೆ. ಅವಸರದ ಬೆರಳಿನಿಂದ ತಾಳ ಕೆಡುವುದಿಲ್ಲ. ತ್ರಿವುಡೆಗೆ ಏಳು ಮಾತ್ರೆಯ ಚೌಕ ಬರೆದೆವು. ಒಬ್ಬರು ತಪ್ಪಿ ನಾಲ್ಕರ ಚೌಕವನ್ನೂ ಒತ್ತಿದಾಗ ಎರಡೂ ಬೇರೆ ಬೇರೆ ನಡೆದು 28ನೆಯ ಮಾತ್ರೆ ಮುಗಿಯುತ್ತಲೇ ಮತ್ತೆ ಕೂಡಿಕೊಂಡವು. ಆ ತಪ್ಪನ್ನು ಹಾಗೆಯೇ ಉಳಿಸಿಕೊಂಡೆವು. ಶ್ರುತಿಯ ಚೌಕಕ್ಕೆ 28 ಮಾತ್ರೆಯ ಉದ್ದ ಬಂದದ್ದು ಹೀಗೆ.

ಗಮಕದಲ್ಲಿ ಮಾತ್ರ ಸೋತೆವು. ಸ್ವರವನ್ನು ಬಾಗಿಸಲು ಮಿಡಿಯಲ್ಲಿ 16,384 ಮೆಟ್ಟಿಲುಗಳಿವೆಯೇನೋ ನಿಜ, ಆದರೆ ಆ ಬಾಗು ಒಂದು ಸ್ವರಕ್ಕಲ್ಲ, ಆ ಚಾನೆಲ್‌ನ ಎಲ್ಲ ಸ್ವರಗಳಿಗೂ ಅನ್ವಯಿಸುತ್ತದೆ. ಎರಡು ವಾರ ಒದ್ದಾಡಿ, ರಾಗವನ್ನು ಕಂಠಕ್ಕೇ ಬಿಟ್ಟು, ಯಂತ್ರಕ್ಕೆ ಶ್ರುತಿ, ಮಂದ್ರದ ಆಧಾರ ಮತ್ತು ಚಕ್ರತಾಳದ ಸದ್ದು ಇವಿಷ್ಟನ್ನೇ ಒಪ್ಪಿಸಿದೆವು.

ಮದ್ದಳೆಗಾರರನ್ನು ಒಲಿಸಿ ಕರೆತಂದೆವು. ಅರ್ಧ ಗಂಟೆ ನುಡಿಸಿದ ಮೇಲೆ ಅವರು ಹೇಳಿದ್ದು: "ಇದು ಕಾಯುತ್ತದೆ, ಒಪ್ಪಿದೆ. ಆದರೆ ಇದಕ್ಕೆ ಉಸಿರಿಲ್ಲ." ಹಾಡು ಏರುವಾಗ ಕಾಲವೂ ಕೂದಲೆಳೆಯಷ್ಟು ಏರಬೇಕು, ಯಂತ್ರ ಏರುತ್ತಿರಲಿಲ್ಲ. ಅಂದಿನಿಂದ ನಮ್ಮಲ್ಲೊಬ್ಬರ ಕೆಲಸ ಅವರ ಕೈ ನೋಡುತ್ತ ವೇಗವನ್ನು ಏರಿಸಿ ಇಳಿಸುವುದಷ್ಟೇ ಆಯಿತು. ಚಕ್ರತಾಳವನ್ನು ಯಂತ್ರದಿಂದ ತೆಗೆಯಬೇಕು, ಅದನ್ನು ಹಿಡಿಯಲು ತಮ್ಮ ಹುಡುಗರಿದ್ದಾರೆ ಎಂದೂ ಪಟ್ಟು ಹಿಡಿದರು. ನಾವು ಬಹಳ ಶ್ರಮಪಟ್ಟು ಬರೆದಿದ್ದ ಚೌಕವದು. ಮನಸ್ಸಿಲ್ಲದ ಮನಸ್ಸಿನಿಂದ ಅಳಿಸಿದೆವು.

ವಾರ್ಷಿಕೋತ್ಸವದ ಸಂಜೆ ಎರಡನೆಯ ಚರಣದಲ್ಲಿ ವಿದ್ಯುತ್ ಹೋಯಿತು. ಧ್ವನಿವರ್ಧಕ ಸತ್ತಿತು, ಸಿಂಥಸೈಜರ್ ಸತ್ತಿತು. ಬ್ಯಾಟರಿಯಿದ್ದ ಲ್ಯಾಪ್‌ಟಾಪ್‌ನ ಪರದೆಯಲ್ಲಿ ಮಾತ್ರ ಚೌಕಗಳೊಳಗಿನ ಗೆರೆ ನಿಶ್ಶಬ್ದವಾಗಿ ಓಡುತ್ತಲೇ ಇತ್ತು. ಮದ್ದಳೆ ನಿಲ್ಲಲಿಲ್ಲ. ಹುಡುಗರ ತಾಳವೂ ನಿಲ್ಲಲಿಲ್ಲ. ಹಾಡುತ್ತಿದ್ದ ಹುಡುಗಿ ಕತ್ತಲಲ್ಲಿ ಒಂದು ಸಾಲು ತಡವರಿಸಿ, ಮದ್ದಳೆಯತ್ತ ತಿರುಗಿ, ಮತ್ತೆ ಹಿಡಿದುಕೊಂಡಳು. ಸಭಾಂಗಣ ಚಿಕ್ಕದು, ಕಂಠ ಹಿಂದಿನ ಸಾಲಿಗೂ ಮುಟ್ಟುತ್ತಿತ್ತು. ಮದ್ದಳೆಗಾರರು ಕಾಲವನ್ನು ತುಸು ಇಳಿಸಿದ್ದರು, ಪರದೆಯ ಗೆರೆ ಎಲ್ಲೋ ಮುಂದೆ ಹೋಗಿತ್ತು. ನಾವು ಯಂತ್ರವನ್ನು ನಿಲ್ಲಿಸಿ ಕೈಕಟ್ಟಿ ಕುಳಿತೆವು.

ಜನರೇಟರ್ ಬಂದಾಗ ಅವರು ನಮ್ಮ ಕಡೆ ನೋಡಿ ಬಿಡ್ತಿಗೆ ನುಡಿಸಿದರು. ಅದು ಮುಗಿದ ಮಾತ್ರೆಗೆ ಸರಿಯಾಗಿ ನಾವು ಯಂತ್ರವನ್ನು ಆರಂಭಿಸಿದೆವು. ತಂಬೂರದ ಶ್ರುತಿಗೆ ಬದಲಾಗಿ ಪಿಯಾನೋ ಒಮ್ಮೆ 'ಟಣ್' ಎಂದು ಸುಮ್ಮನಾಯಿತು. 28 ಮಾತ್ರೆಗಳ ಮೇಲೆ ಮತ್ತೊಮ್ಮೆ 'ಟಣ್'. ಸಿಂಥಸೈಜರ್ ಹೊಸದಾಗಿ ಎದ್ದಾಗ ನಾವು ಮೊದಲು ಆರಿಸಿಟ್ಟ ವಾದ್ಯವನ್ನು ಮರೆತಿತ್ತು. ಹಾಡುತ್ತಿದ್ದ ಹುಡುಗಿಗೆ ನಗು ತಡೆಯಲಾಗಲಿಲ್ಲ, ಸಭೆಗೂ ಸಹ. ಮದ್ದಳೆಗಾರರು ಮೂರನೆಯ 'ಟಣ್' ಎಲ್ಲಿ ಬೀಳುವುದೆಂದು ಲೆಕ್ಕ ಹಾಕಿ ಅಲ್ಲಿಗೇ ಒಂದು ಪೆಟ್ಟು ಕೂಡಿಸಿದರು.

ಈಗ ಪ್ರತಿ ಚೌಕದ ತಲೆಯಲ್ಲೂ ವಾದ್ಯದ ಸಂಖ್ಯೆಯನ್ನು ಬರೆದಿಟ್ಟಿದ್ದೇವೆ. ವಿದ್ಯುತ್ ಹೋಗಿ ಬಂದರೂ ತಂಬೂರ ತಂಬೂರವಾಗಿಯೇ ಏಳುತ್ತದೆ. ಮೊನ್ನೆ ಮದ್ದಳೆಗಾರರು ಶಿಷ್ಯನೊಬ್ಬನ ಕೈಯಲ್ಲಿ ಹೇಳಿ ಕಳುಹಿಸಿದ್ದಾರೆ: ಬರುವ ಭಾನುವಾರದ ಅಭ್ಯಾಸ ಝಂಪೆಯಲ್ಲಿ, ಹತ್ತು ಮಾತ್ರೆಯ ಚೌಕ ಬರೆದು ಸಿದ್ಧವಾಗಿಡಬೇಕಂತೆ.