ನಿಂತುಹೋದ ಅಂಚೆ, ನಿಲ್ಲದ ಪಟ್ಟಿ

ನಮ್ಮ ನಾನಿಯ ತಂಗಿ 1961ರಲ್ಲಿ ನಿಕಾಹ್ ಆಗಿ ಕರಾಚಿಗೆ ಹೋದರು. ದೂರದ ಊರಿಗೆ ಹೆಣ್ಣು ಕೊಟ್ಟೆವೆಂದಷ್ಟೇ ಮನೆಯವರು ಬಗೆದಿದ್ದರು. 1965ರ ಯುದ್ಧದ ಬಳಿಕ ಅದು ಪರದೇಶವಾಯಿತು. ಆಮೇಲೆ ಅಕ್ಕತಂಗಿಯರು ಮುಖ ನೋಡಿದ್ದು ಎರಡೇ ಸಲ. ನಾನಿ ತೀರಿಕೊಂಡಾಗ ತಂಗಿಗೆ ವೀಸಾ ಸಿಗುವಷ್ಟರಲ್ಲಿ ನಲ್ವತ್ತು ದಿನ ಕಳೆದಿತ್ತು. ಕರಾಚಿಯಲ್ಲಿ ನೆಂಟರಿದ್ದಾರೆಂದು ನೆರೆಹೊರೆಯಲ್ಲಿ ಹೇಳಲು ಇಂದಿಗೂ ನಾವು ಹಿಂಜರಿಯುತ್ತೇವೆ.

ಭಾರತ ಮತ್ತು ಪಾಕಿಸ್ತಾನಗಳು ಮಾತುಕತೆಗೆ ಕೂರುತ್ತವೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ದುಆ ಹೆಚ್ಚುತ್ತಿತ್ತು. 1999ರ ಫೆಬ್ರವರಿಯಲ್ಲಿ ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರಿಗೆ ಹೋದಾಗ ನಾನಿ ಸಿಹಿ ಹಂಚಿದರು. ಮೇ ತಿಂಗಳಿಗೆ ಕಾರ್ಗಿಲ್. 2001ರ ಆಗ್ರಾ ಶೃಂಗಸಭೆ ಜಂಟಿ ಹೇಳಿಕೆಯೂ ಇಲ್ಲದೆ ಮುಗಿಯಿತು. 2003ರ ನವೆಂಬರ್‌ನ ಕದನವಿರಾಮದ ನಂತರದ ಐದು ವರ್ಷಗಳೇ ನಾವು ಕಂಡ ಒಳ್ಳೆಯ ಕಾಲ. 2005ರ ಏಪ್ರಿಲ್‌ನಲ್ಲಿ ಶ್ರೀನಗರದಿಂದ ಮುಜಫ್ಫರಾಬಾದಿಗೆ ಬಸ್ಸೂ ಓಡಿತು. 2008ರ ಮುಂಬೈ ದಾಳಿ ಅದನ್ನೆಲ್ಲ ಕೊನೆಗಾಣಿಸಿತು.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯ ಹತ್ಯೆಯಾಯಿತು. ನಿರಪರಾಧಿಗಳನ್ನು ಕೊಂದವರ ಪರವಾಗಿ ಹೇಳಲು ನಮ್ಮಲ್ಲಿ ಒಂದು ಮಾತೂ ಇಲ್ಲ. ಭಯೋತ್ಪಾದನೆ ನಿಲ್ಲಲೇಬೇಕೆಂಬ ಬೇಡಿಕೆ ನ್ಯಾಯವಾದದ್ದು. ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿಯಲಾಯಿತು, ಅಟ್ಟಾರಿಯ ಬಾಗಿಲು ಮುಚ್ಚಿತು, ಮೇ 3ರಂದು ಅಂಚೆಯೂ ನಿಂತಿತು. ನಾಲ್ಕು ದಿನಗಳ ಕಾಳಗ ಮೇ 10ರಂದು ನಿಂತಿತು.

ಆದರೂ ಜುಲೈ 1ರಂದು ಎರಡೂ ಸರಕಾರಗಳು ತಮ್ಮ ಸೆರೆಯಲ್ಲಿರುವ ಪರಸ್ಪರರ ಕೈದಿಗಳ, ಮೀನುಗಾರರ ಪಟ್ಟಿಯನ್ನು ಎಂದಿನಂತೆ ವಿನಿಮಯ ಮಾಡಿಕೊಂಡವು. ಪರಮಾಣು ಸ್ಥಾವರಗಳ ಪಟ್ಟಿಯಂತೂ 1992ರಿಂದ ಪ್ರತಿ ಜನವರಿ 1ರಂದು ಕೈ ಬದಲಾಯಿಸುತ್ತಿದೆ; ಕಾರ್ಗಿಲ್ ಆದ ಮೇಲೂ, ಮುಂಬೈ ಆದ ಮೇಲೂ ಅದು ನಿಲ್ಲಲಿಲ್ಲ. ದೊಡ್ಡ ಶೃಂಗಸಭೆಗಳಿಗಿಂತ ಈ ಸಣ್ಣ ಕಾಗದದ ಮೇಲೆಯೇ ನಮಗೆ ಹೆಚ್ಚು ಭರವಸೆ. ಕಾಶ್ಮೀರದ ಪ್ರಶ್ನೆ ನಾಳೆ ಇತ್ಯರ್ಥವಾಗದು. ಸರ್ ಕ್ರೀಕ್ ಬಳಿ ಗಡಿ ದಾಟಿ ಸಿಕ್ಕಿಬಿದ್ದ ಗುಜರಾತಿನ, ಸಿಂಧ್‌ನ ಬೆಸ್ತರಲ್ಲಿ ಶಿಕ್ಷೆ ಮುಗಿದರೂ ಸೆರೆಯಲ್ಲೇ ಉಳಿದವರಿದ್ದಾರೆ. ಅವರ ಬಿಡುಗಡೆ, ಅಂಚೆ, ವೃದ್ಧರಿಗೆ ವೀಸಾ: ಇಷ್ಟರಿಂದ ಮಾತು ಆರಂಭವಾದರೆ ಯಾರ ಮಾನವೂ ಹೋಗದು.

ಮಾನದ ಮಾತು ಬಂದಾಗ ನಮಗೆ ಹುದೈಬಿಯಾ ನೆನಪಾಗುತ್ತದೆ. (ಎರಡು ದೇಶಗಳನ್ನು ಮದೀನಾ ಮತ್ತು ಮಕ್ಕಾಗಳಿಗೆ ಹೋಲಿಸುವ ಉದ್ದೇಶ ನಮಗಿಲ್ಲ.) ಹಿಜರಿ 6ರಲ್ಲಿ ಉಮ್ರಾಕ್ಕೆಂದು ಹೊರಟವರು ಕಾಬಾ ಕಾಣದೆ ಮರಳಿದರು. ಸುಹೈಲ್ ಆಕ್ಷೇಪಿಸಿದಾಗ ಪ್ರವಾದಿವರ್ಯರು(ಸ) 'ಅಲ್ಲಾಹನ ರಸೂಲ್' ಎಂಬ ಪದವನ್ನೇ ಒಪ್ಪಂದದಿಂದ ಅಳಿಸಿದರು. ಸಂಕೋಲೆ ಎಳೆಯುತ್ತ ಬಂದ ಅಬೂ ಜಂದಲ್‌ರನ್ನು(ರ) ಹಿಂದಿರುಗಿಸಬೇಕಾಯಿತು. ಉಮರ್‌ರಂಥವರೂ(ರ) ತಳಮಳಿಸಿದರು. ಆ ಸಂಧಿ ಎರಡು ವರ್ಷಗಳೊಳಗೆ ಮುರಿಯಿತು, ನಿಜ. ಆದರೆ ಆ ಅವಧಿಯಲ್ಲಿ ಜನ ಭಯವಿಲ್ಲದೆ ಬಂದುಹೋದರು, ಕುಳಿತು ಮಾತಾಡಿದರು.

ಛೋಟಿ ನಾನಿಗೆ ಈಗ ಎಂಬತ್ತು ದಾಟಿದೆ. ಮೊನ್ನೆ ವಿಡಿಯೊ ಕರೆಯಲ್ಲಿ, "ಆಪಾಳ ಕಬರನ್ನೊಮ್ಮೆ ತೋರಿಸಿ ಮಕ್ಕಳೇ" ಎಂದರು. ನಾವು ಫೋನು ಹಿಡಿದು ಖಬರಸ್ತಾನಕ್ಕೆ ನಡೆದೆವು. ಆಚೆ ಕಡೆಯಿಂದ ಅವರು ಕೈಯೆತ್ತಿ ಫಾತಿಹಾ ಓದುವ ತನಕ ಸಂಪರ್ಕ ಕಡಿಯಲಿಲ್ಲ.