ಗಿರಿಯ ಒಂದು ಮಾತು

ಸಿಂಹಳ ದ್ವೀಪಕ್ಕೆ ತೆರಳುವ ಯಾತ್ರಿಕರಿಗೆ ನೋಡತಕ್ಕ ಸ್ಥಳಗಳ ಕೊರತೆಯಿಲ್ಲ. ಕಾಶ್ಯಪ ರಾಜನು 5ನೇ ಶತಮಾನದಲ್ಲಿ ಅರಮನೆ ಕಟ್ಟಿಸಿದ ಸಿಗಿರಿಯದ ಹೆಬ್ಬಂಡೆ, ನೀರು ಇಳಿದ ತಿಂಗಳುಗಳಲ್ಲಿ ಮಿನ್ನೇರಿಯ ಕೆರೆಯಂಗಳಕ್ಕೆ ಹಿಂಡುಹಿಂಡಾಗಿ ಬರುವ ಕಾಡಾನೆಗಳು, 2243 ಮೀಟರ್ ಎತ್ತರದ ಶ್ರೀಪಾದ ಪರ್ವತ ಇವೆಲ್ಲ ಪ್ರಸಿದ್ಧವಾದವು. ಶ್ರೀಪಾದದ ಶಿಖರದಲ್ಲಿರುವ ಒಂದೇ ಹೆಜ್ಜೆಗುರುತನ್ನು ಬೌದ್ಧರು ಬುದ್ಧನದೆಂದೂ ಹಿಂದೂಗಳು ಶಿವನದೆಂದೂ ಮುಸಲ್ಮಾನರು ಆದಮನದೆಂದೂ ನಂಬಿ ಜೊತೆಜೊತೆಯಾಗಿ ಬೆಟ್ಟ ಹತ್ತುತ್ತಾರೆ. ಅನೇಕಾಂತವನ್ನು ಗ್ರಂಥದಲ್ಲಿ ಓದಿದವರು ಇದನ್ನೊಮ್ಮೆ ಕಣ್ಣಾರೆ ಕಾಣಬೇಕು.

ಆದರೆ ಜೈನರು ತಪ್ಪದೆ ನಿಂತು ನೋಡಬೇಕಾದುದು ಅನುರಾಧಪುರದ ಅಭಯಗಿರಿ. 70 ಮೀಟರಿಗೂ ಮೀರಿದ ಇಟ್ಟಿಗೆಯ ಸ್ತೂಪ. ವಿಹಾರದ ಆವರಣದಲ್ಲಿ ಕುಟ್ಟಂ ಪೊಕುಣ ಎಂಬ ಅವಳಿ ಕೊಳಗಳು. ನೆಲದಡಿಯ ಕಾಲುವೆಯಿಂದ ಬಂದ ನೀರು ಮೊದಲು ಒಂದು ಚಿಕ್ಕ ತೊಟ್ಟಿಯಲ್ಲಿ ನಿಂತು, ಕೆಸರು ತಳಕ್ಕಿಳಿದ ಮೇಲೆಯೇ ಕೊಳಕ್ಕೆ ಬೀಳುತ್ತಿತ್ತು. ನೀರು ಸೋಸಿ ಕುಡಿಯುವ ಶ್ರಾವಕರಿಗೆ ಇದು ಮೆಚ್ಚುಗೆಯಾಗದಿರದು.

ಈ ನೆಲ ಮೊದಲು ನಿರ್ಗ್ರಂಥರದು. ಪಾಂಡುಕಾಭಯ ರಾಜನು ಜೋತಿಯ, ಕುಂಭಂಡ ಎಂಬ ನಿರ್ಗ್ರಂಥರಿಗೆ ಆಶ್ರಯ ಕಲ್ಪಿಸಿದನೆಂದು ಮಹಾವಂಸ ಹೇಳುತ್ತದೆ. ಅವನ ಕಾಲದ ಆರಾಮವೊಂದರಲ್ಲಿ ಮುಂದೆ ಗಿರಿ ಎಂಬ ನಿರ್ಗ್ರಂಥನಿದ್ದನು. ಕ್ರಿ.ಪೂ. 103ರಲ್ಲಿ ವಟ್ಟಗಾಮಣಿ ಅಭಯನು ತಮಿಳು ದಂಡನಾಯಕರಿಗೆ ಸೋತು ರಥದಲ್ಲಿ ಓಡುತ್ತಿರಲು, ಗಿರಿಯು ಆ ಕರಿಯ ಸಿಂಹಳನು ಓಡುತ್ತಿದ್ದಾನೆಂದು ಗಟ್ಟಿಯಾಗಿ ಕೂಗಿದನಂತೆ. ಅದೇ ಪಲಾಯನದಲ್ಲಿ ರಾಣಿ ಸೋಮದೇವಿಯು ರಥದ ಭಾರ ತಗ್ಗಲೆಂದು ತಾನೇ ಇಳಿದು ಶತ್ರುವಿನ ಕೈಸೇರಿದಳು. ಅರಸನು ಹದಿನಾಲ್ಕು ವರ್ಷ ಆ ಕೂಗನ್ನು ಮರೆಯಲಿಲ್ಲ. ಕ್ರಿ.ಪೂ. 89ರಲ್ಲಿ ರಾಜ್ಯವನ್ನು ಮರಳಿ ಪಡೆದು ಆರಾಮವನ್ನು ಕೆಡವಿಸಿ, ಅಲ್ಲಿಯೇ ಹನ್ನೆರಡು ಕೋಣೆಗಳ ಬೌದ್ಧ ವಿಹಾರವನ್ನು ಕಟ್ಟಿಸಿದನು.

ಮಹಾವಂಸವು ಬೌದ್ಧ ಭಿಕ್ಷುಗಳ ಕೃತಿ, ಘಟನೆಗೆ ಶತಮಾನಗಳ ಅನಂತರ ರಚಿತವಾದುದು. ನಿರ್ಗ್ರಂಥರ ಪಕ್ಷದ ಮಾತು ಅದರಲ್ಲಿಲ್ಲ. ಒಬ್ಬನ ನಾಲಗೆಯ ತಪ್ಪಿಗೆ ಒಂದು ಸಂಘದ ನೆಲೆಯನ್ನೇ ಕೆಡವಿದ ಅರಸನನ್ನು ನ್ಯಾಯವಂತನೆನ್ನಲಾಗದು. ಆದರೂ ಕಥೆಯನ್ನು ಪರಮತದವರದೆಂದು ತಳ್ಳಿಹಾಕುವುದು ನಮಗೆ ತೀರ ಸುಲಭ. ಗಿರಿ ಸುಳ್ಳಾಡಲಿಲ್ಲ, ಅರಸನು ಓಡುತ್ತಿದ್ದುದು ನಿಜ. ತತ್ತ್ವಾರ್ಥಸೂತ್ರಕ್ಕೆ ವ್ಯಾಖ್ಯಾನ ಬರೆದ ಪೂಜ್ಯಪಾದ ಆಚಾರ್ಯರ ಪ್ರಕಾರ, ಪ್ರಾಣಿಗೆ ಪೀಡೆಯನ್ನುಂಟುಮಾಡುವ ನುಡಿ ಇದ್ದುದನ್ನೇ ಹೇಳಿದರೂ ಅಸತ್ಯದ ಸಾಲಿಗೇ ಸೇರುತ್ತದೆ. ಭಾಷಾ ಸಮಿತಿ, ವಚನ ಗುಪ್ತಿಗಳನ್ನು ಬಲ್ಲ ತಪಸ್ವಿಗೆ ಸೋತವನನ್ನು ಕಂಡು ಸುಮ್ಮನಿರಲು ಅರೆಗಳಿಗೆ ಸಾಲದಾಯಿತೇ? ಬಸದಿಯ ಸಭೆಯಲ್ಲಿ, ಹರಾಜಿನ ಪಾಲಿನ ಲೆಕ್ಕ ಓದುವಾಗ, ಬಾಕಿ ಉಳಿಸಿಕೊಂಡವನ ಹೆಸರನ್ನು ನಾಲ್ಕು ಜನರೆದುರು ಎತ್ತಿ ಕೂಗುವವರಿಗೂ ತಾವು ನಿಜವನ್ನೇ ಹೇಳಿದೆವೆಂಬ ಸಮಾಧಾನವಿರುತ್ತದೆ.

ನಿರ್ಗ್ರಂಥರ ಆರಾಮದ ಗುರುತೇನೂ ಇಂದು ಯಾತ್ರಿಕರ ಕಣ್ಣಿಗೆ ಬೀಳುವುದಿಲ್ಲ. ಹೆಸರಿನಲ್ಲಿ ಮಾತ್ರ ಇಬ್ಬರೂ ಉಳಿದಿದ್ದಾರೆ, ಕೆಡವಿದ ಅಭಯ ಮತ್ತು ಕೂಗಿದ ಗಿರಿ.