ಕೊಸರಿನ ಪುಷ್ಪಕ

ಖರ್ಚು ಮಾಡಿದರೆ ಪುಣ್ಯ ಬರುತ್ತದೆ ಎಂಬುದು ನಮ್ಮ ಧರ್ಮಶಾಸ್ತ್ರಕಾರರಿಗೆ ಮೊದಲಿಂದಲೂ ಗೊತ್ತಿತ್ತು. ಆದರೆ ಆ ಖರ್ಚು ದಾನದ ಬಾಬ್ತಿಗೆ ಸೇರಬೇಕು, ಪಾತ್ರಾಪಾತ್ರ ವಿವೇಚನೆ ಇರಬೇಕು, ಕೊಟ್ಟ ಮೇಲೆ ಊರೆಲ್ಲ ಹೇಳಿಕೊಂಡು ತಿರುಗಬಾರದು ಎಂದು ನೂರೆಂಟು ಕೊಕ್ಕೆ ಹಾಕಿಟ್ಟಿದ್ದರಿಂದ ನನ್ನಂಥ ಸಾಮಾನ್ಯ ಗೃಹಸ್ಥರು ಆ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ. ಕೊಕ್ಕೆಗಳನ್ನೆಲ್ಲ ಕಿತ್ತು ಹಾಕಿ, ಕುಕ್ಕರಿನ ಗ್ಯಾಸ್ಕೆಟ್ ಕೊಂಡರೂ ಪುಣ್ಯ, ಮಸಾಲೆ ದೋಸೆ ತಿಂದರೂ ಪುಣ್ಯ ಎಂದು ಸಾರಿದವರು ಕ್ರೆಡಿಟ್ ಕಾರ್ಡಿನ ಬ್ಯಾಂಕಿನವರು. ಚಿತ್ರಗುಪ್ತನಾದರೂ ಲೆಕ್ಕವನ್ನು ಸತ್ತ ಮೇಲೆ ತೋರಿಸುತ್ತಾನೆ. ಇವರು ತಿಂಗಳು ತಿಂಗಳೂ ಸ್ಟೇಟ್‌ಮೆಂಟಿನ ಮೂಲೆಯಲ್ಲಿ ಅಚ್ಚು ಹಾಕಿ ಕಳಿಸುತ್ತಾರೆ: ರಿವಾರ್ಡ್ ಪಾಯಿಂಟ್ ಇಷ್ಟು, ಈ ತಿಂಗಳು ಸೇರಿದ್ದು ಇಷ್ಟು, ಬಳಸದೆ ಸಾಯಲಿರುವುದು ಇಷ್ಟು.

ಆ ಮೂಲೆಯನ್ನು ನಾನು ಬಹಳ ಕಾಲ ನೋಡಿಯೇ ಇರಲಿಲ್ಲ ಅನ್ನಿ. ಒಮ್ಮೆ ನೋಡಿ, ಬ್ಯಾಂಕಿನ ಕ್ಯಾಟಲಾಗಿನಲ್ಲಿ ಒಂದು ಮಿಕ್ಸಿಯ ಮೇಲೆ ಕಣ್ಣಿಟ್ಟು, ಮನೆಯಾಕೆಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಅಕ್ಕನ ಮಗ ಬಂದ. ವೈಟ್‌ಫೀಲ್ಡಿನ ಯಾವುದೋ ಗಾಜಿನ ಕಟ್ಟಡದಲ್ಲಿ ಕೆಲಸ. ಆದರೆ ಅವನ ನಿಜವಾದ ಉದ್ಯೋಗ ಪಾಯಿಂಟು ಎಂದು ನನಗೆ ಗೊತ್ತಾದದ್ದು ಅವತ್ತೇ. ಮಿಕ್ಸಿ ಅಂದ ಕೂಡಲೇ, ತುಪ್ಪವನ್ನು ಮೋರಿಗೆ ಸುರಿಯುತ್ತಿದ್ದವನನ್ನು ಕಂಡವನ ಹಾಗೆ ಎದ್ದು ನಿಂತ. "ಮಾವ, ಮಿಕ್ಸಿ ತಗೊಂಡ್ರೆ ಪಾಯಿಂಟಿಗೆ 25 ಪೈಸೆನೂ ಗಿಟ್ಟಲ್ಲ. ಏರ್‌ಲೈನಿಗೆ ಟ್ರಾನ್ಸ್‌ಫರ್ ಮಾಡಿ, ಬಿಸಿನೆಸ್ ಕ್ಲಾಸ್ ಹಿಡೀರಿ, ಒಂದು ರೂಪಾಯಿ ಮೇಲೇ ಬೀಳತ್ತೆ." ಮಿಕ್ಸಿ ಬೇಡವೆಂದು ನಾನು ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟೆ. ಮನೆಯಾಕೆ ಇನ್ನೂ ತೀರ್ಮಾನಿಸಿಲ್ಲ.

ನನ್ನ ರಕ್ತದಲ್ಲಿ ಬಿಟ್ಟಿಗೆ ಬಾಯಿ ಬಿಡುವ ಈ ಗುಣ ಎಲ್ಲಿಂದ ಬಂತು ಎಂದು ಯೋಚಿಸಿದರೆ ಹೊಳೆನರಸೀಪುರದ ಸಂತೆ ನೆನಪಾಗುತ್ತದೆ. ಅಜ್ಜಿ ತರಕಾರಿ ಕೊಳ್ಳುವಾಗ ಚೌಕಾಸಿ ಮಾಡುತ್ತಿದ್ದಳು, ನಿಜ, ಆದರೆ ಅದು ಬರೀ ಉಪಚಾರದ ಚೌಕಾಸಿ. ಪೂಜೆಗೆ ಮುಂಚೆ ಸಂಕಲ್ಪ ಹೇಳಿದಷ್ಟು. ಅವಳ ಪ್ರಾಣವೆಲ್ಲ ಇದ್ದದ್ದು ಕೊಸರಿನಲ್ಲಿ. ತೂಕ ಮುಗಿದು ಬದನೆಕಾಯಿ ಚೀಲಕ್ಕೆ ಬಿದ್ದ ಮೇಲೂ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ಬಾಯಿ ಅಗಲಿಸಿ ಹಿಡಿದು ನಿಲ್ಲುವುದು. ಅಂಗಡಿಯವಳು ಎರಡು ಕಾಯಿ ಎಸೆಯುತ್ತಿದ್ದಳು. ಅಜ್ಜಿ ಕದಲುತ್ತಿರಲಿಲ್ಲ. ನಾಲ್ಕು ಹಸಿಮೆಣಸಿನಕಾಯಿ ಬೀಳುತ್ತಿತ್ತು. ಆಮೇಲೆ, "ತಗಳವ್ವ, ನಿನ್ನ ಕಾಟ" ಎಂದು ಒಂದು ಎಸಳು ಕರಿಬೇವು. ಆಗ ಚೀಲ ಮುಚ್ಚುತ್ತಿತ್ತು. ಅರ್ಧ ದುಡ್ಡು ಕಮ್ಮಿಗೆ ಕೊಡುವ ಅಂಗಡಿ ಪಕ್ಕದಲ್ಲೇ ಇದ್ದರೂ ಅಜ್ಜಿ ಅಲ್ಲಿ ಕೊಳ್ಳುತ್ತಿರಲಿಲ್ಲ, ಏಕೆಂದರೆ ಅವನು ಕೊಸರು ಕೊಡುವವನಲ್ಲ. ಹೆಚ್ಚು ಕೊಂಡರೆ ಹೆಚ್ಚು ಕೊಸರೆಂದು ಬದನೆಕಾಯಿಯನ್ನು ಎರಡು ಪಟ್ಟು ತಂದು, ಆ ವಾರವಿಡೀ ನಾವು ಬದನೆಕಾಯಿ ಹುಳಿ, ಬದನೆಕಾಯಿ ಪಲ್ಯ, ಬದನೆಕಾಯಿ ಗೊಜ್ಜು ತಿಂದು ಬಾಯಿ ನವೆ ಹತ್ತಿಸಿಕೊಂಡದ್ದೂ ಉಂಟು.

ಅಜ್ಜಿಯ ಈ ಅರ್ಥಶಾಸ್ತ್ರವನ್ನು ಅಮೆರಿಕದವರು ಅರ್ಥ ಮಾಡಿಕೊಳ್ಳಲು 1981 ಬರಬೇಕಾಯಿತು. ಅಲ್ಲಿ 1978ರಲ್ಲಿ ಸರ್ಕಾರ ವಿಮಾನ ದರಗಳ ಮೇಲಿನ ಹಿಡಿತ ಬಿಟ್ಟಿತು, ಪೈಪೋಟಿ ಶುರುವಾಯಿತು, ಗಿರಾಕಿ ಇವತ್ತು ಈ ವಿಮಾನ ನಾಳೆ ಆ ವಿಮಾನ ಅಂತ ಅಲೆಯತೊಡಗಿದ. ಅವನನ್ನು ಕಟ್ಟಿಹಾಕಲು 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್‌ನವರು, ಹಾರಿದ ಮೈಲಿ ಲೆಕ್ಕ ಇಟ್ಟು ಮುಂದೆ ಪುಕ್ಕಟೆ ಹಾರಿಸುತ್ತೇವೆ ಎಂಬ ಆಡ್ವಾಂಟೇಜ್ ಯೋಜನೆ ತಂದರು. ಕೆಲವೇ ದಿನಗಳಲ್ಲಿ ಯುನೈಟೆಡ್‌ನವರೂ ಹಿಂದೆ ಬಂದರು. ಹೇಗಿದ್ದರೂ ಖಾಲಿ ಹಾರುವ ಸೀಟು, ಕೊಟ್ಟರೆ ಹೋಗುವುದೇನು? 1987ರಲ್ಲಿ ಸಿಟಿಬ್ಯಾಂಕ್ ಆಡ್ವಾಂಟೇಜ್ ಕಾರ್ಡು ಬಂತು ನೋಡಿ, ಅಲ್ಲಿಗೆ ವಿಮಾನದವರಿಗೆ ಜ್ಞಾನೋದಯವಾಯಿತು: ಕೊಸರನ್ನು ಗಿರಾಕಿಗೆ ಬಿಟ್ಟಿ ಕೊಡುವುದಕ್ಕಿಂತ ಬ್ಯಾಂಕಿಗೆ ಮಾರುವುದು ಲಾಭ. ಬ್ಯಾಂಕು ರೊಕ್ಕ ಕೊಟ್ಟು ಮೈಲಿ ಕೊಳ್ಳುತ್ತದೆ, ನಮಗೆ ಹಂಚುತ್ತದೆ, ಅಂಗಡಿಯವನಿಂದ ಕಮಿಷನ್ನು, ಬಿಲ್ಲು ಕಟ್ಟಲು ತಡಮಾಡಿದ ನಮ್ಮಿಂದ ಬಡ್ಡಿ ಎಳೆಯುತ್ತದೆ. 2020ರಲ್ಲಿ ಕೋವಿಡ್ ಬಂದು ವಿಮಾನಗಳೆಲ್ಲ ನೆಲ ಹಿಡಿದಾಗ ಯುನೈಟೆಡ್‌ನವರು ಅಡವಿಟ್ಟದ್ದು ಏನನ್ನು ಅಂತೀರಿ? ಈ ಮೈಲಿ ಯೋಜನೆಯನ್ನು. ಅದರ ಮೇಲೆ 680 ಕೋಟಿ ಡಾಲರ್ ಎತ್ತಿದರು. ಬದನೆಕಾಯಿ ಮಾರಾಟ ನಿಂತು ಹೋದರೂ ಕರಿಬೇವಿನ ಮೇಲೆ ಸಾಲ ಹುಟ್ಟುವ ಕಾಲ ಇದು.

ಗಿರಾಕಿಗಳಲ್ಲೂ ಅಜ್ಜಿಯಂಥವರು ಅಲ್ಲಿದ್ದರು. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರು, ತಿಂಡಿ ಪೊಟ್ಟಣದ ಗುರುತುಪಟ್ಟಿ ಕಳಿಸಿದರೆ ವಿಮಾನದ ಮೈಲಿ ಕೊಡುತ್ತಾರೆಂದು ತಿಳಿದು, ಇದ್ದುದರಲ್ಲೇ ಅಗ್ಗದ ತಿಂಡಿ ಯಾವುದೆಂದು ಹುಡುಕಿ, 12,150 ಬಟ್ಟಲು ಪುಡ್ಡಿಂಗನ್ನು 3,140 ಡಾಲರಿಗೆ ಕೊಂಡ. ಅಷ್ಟು ಚೀಟಿ ಕೀಳುವವರು ಯಾರು? ಪುಡ್ಡಿಂಗನ್ನು ಸಾಲ್ವೇಶನ್ ಆರ್ಮಿಗೆ ದಾನ ಕೊಟ್ಟು, ಪ್ರತಿಯಾಗಿ ಅವರ ಸ್ವಯಂಸೇವಕರಿಂದಲೇ ಚೀಟಿ ಕೀಳಿಸಿದ. ಹನ್ನೆರಡೂವರೆ ಲಕ್ಷ ಮೈಲಿ ಬಂತು. ದಾನ ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿಯೂ ಬಂತು. ಇಹದಲ್ಲೂ ಪರದಲ್ಲೂ ಪಾಯಿಂಟ್ ಹೊಡೆದ ಇಂಥ ಮಹಾನುಭಾವನ ಫೋಟೋ ನನ್ನ ಸೋದರಳಿಯನ ದೇವರ ಮನೆಯಲ್ಲಿ ಇಲ್ಲದಿರುವುದೇ ಆಶ್ಚರ್ಯ.

ಅದೇ 1999ರಲ್ಲಿ ನಮ್ಮ ಮನೆಯಲ್ಲೂ ಒಂದು ಕಾರ್ಖಾನೆ ನಡೆದಿತ್ತು. ಬ್ರಿಟಾನಿಯಾ ಬಿಸ್ಕತ್ತಿನ ಪೊಟ್ಟಣದ ಮೇಲೆ ಕ್ರಿಕೆಟ್ ರನ್ನಿನ ಅಚ್ಚು. ನೂರು ರನ್ ಕೂಡಿಸಿ ಕೊಟ್ಟರೆ ಒಂದು ಪುಸ್ತಕ. ಅದೃಷ್ಟ ಇದ್ದರೆ ಇಂಗ್ಲೆಂಡಿಗೆ, ವರ್ಲ್ಡ್ ಕಪ್ಪಿಗೆ. ಈ ಅಳಿಯ ಆಗ ಚಡ್ಡಿ ಹಾಕುವ ಹುಡುಗ, ಬೇಸಿಗೆ ರಜಕ್ಕೆ ನಮ್ಮಲ್ಲಿಗೆ ಬಂದವನು. ಬಿಸ್ಕತ್ತು ತಿನ್ನುವುದರಲ್ಲಿ ಅವನಿಗೆ ಆಸಕ್ತಿಯಿಲ್ಲ, ತಿನ್ನಿಸುವುದರಲ್ಲಿ. ಕರೆಂಟ್ ಮೀಟರ್ ಓದಲು ಬಂದವನಿಗೂ ತಟ್ಟೆಯಲ್ಲಿ ಇಟ್ಟು ಕೊಟ್ಟ. ಪೊಟ್ಟಣ ಖಾಲಿಯಾದ ಕೂಡಲೇ ನಲ್ಲಿಯ ಕೆಳಗೆ ತೊಳೆದು, ಕಿಟಕಿಯ ಸರಳಿಗೆ ಅಂಟಿಸಿ ಒಣಗಿಸಿ, ರನ್ನಿನ ಚೌಕವನ್ನು ನನ್ನ ಶೇವಿಂಗ್ ಬ್ಲೇಡಿನಲ್ಲಿ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಿದ್ದ. ಮೇ 26ರಂದು ಟೌಂಟನ್ನಿನಲ್ಲಿ ನಮ್ಮ ದ್ರಾವಿಡ್ ಗಂಗೂಲಿಯ ಜೊತೆ ಸೇರಿ 318 ರನ್ನು ಪೇರಿಸುತ್ತಿದ್ದಾಗ ಇವನು ಟಿವಿಗೆ ಬೆನ್ನು ಹಾಕಿ ಕೂತು ತನ್ನ ರನ್ನು ಎಣಿಸುತ್ತಿದ್ದ. ಇಂಗ್ಲೆಂಡಿಗೆ ಯಾರೂ ಹೋಗಲಿಲ್ಲ. ಬಿಸ್ಕತ್ತು ಮಾತ್ರ ಶ್ರಾವಣದ ತನಕ ಬಂತು.

ಈಗ ವರ್ಗಾವಣೆಯ ಶಾಸ್ತ್ರಕ್ಕೆ ಬರೋಣ. ಬ್ಯಾಂಕಿನ ಪಾಯಿಂಟು ಬೇರೆ, ವಿಮಾನದ ಮೈಲಿ ಬೇರೆ. ನಡುವೆ ವಿನಿಮಯ ದರ ಇರುತ್ತದೆ. ಒಂದು ಕಾರ್ಡಿನಲ್ಲಿ ಒಂದಕ್ಕೆ ಒಂದು, ಇನ್ನೊಂದರಲ್ಲಿ ಎರಡಕ್ಕೆ ಒಂದು. ಕೆಲವನ್ನು ಮೊದಲು ಮ್ಯಾರಿಯಟ್ ಹೋಟೆಲಿನವರ ಖಾತೆಗೆ ಕಳಿಸಿ, ಅಲ್ಲಿಂದ ಮೂರಕ್ಕೆ ಒಂದರಂತೆ ವಿಮಾನಕ್ಕೆ ಹತ್ತಿಸಬಹುದು. ಬಹುಪಾಲು ವಿಮಾನಗಳಿಗೆ ಒಟ್ಟಿಗೆ 60,000 ಸುರಿದರೆ 20,000 ಮೈಲಿ, ಅದರ ಮೇಲೆ 5,000 ಕೊಸರು. ಕೊಸರಿಗೂ ಕೊಸರು ಹುಟ್ಟಿದ್ದು ಕಂಡು ನನ್ನ ಕಣ್ಣು ತುಂಬಿ ಬಂತು. ದರ ಕೇಳಿ ಮೂಗೆಳೆಯುವವರು ಮಹಾಭಾರತದ ಉದ್ಯೋಗಪರ್ವ ನೋಡಬೇಕು. ಸ್ವರ್ಗಕ್ಕೆ ಹೋದ ಯಯಾತಿ ಅಲ್ಲಿ ಗರ್ವದಿಂದ ದೇವರ್ಷಿಗಳನ್ನೇ ಕಡೆಗಣಿಸಿ, ಇದ್ದ ಪುಣ್ಯ ಸೋರಿಹೋಗಿ, ತಲೆಕೆಳಗಾಗಿ ಬಿದ್ದ. ಬಿದ್ದದ್ದು ಮೊಮ್ಮಕ್ಕಳ ಯಜ್ಞಶಾಲೆಗೆ. ಪ್ರತರ್ದನ, ವಸುಮನ, ಶಿಬಿ, ಅಷ್ಟಕ ನಾಲ್ವರೂ ತಂತಮ್ಮ ಪುಣ್ಯ ಧಾರೆಯೆರೆದರು. ಮಗಳು ಮಾಧವಿ ತನ್ನದರಲ್ಲಿ ಅರ್ಧ ಕೊಟ್ಟಳು. ಗಾಲವ ಋಷಿ, ಪಾಪ, ಲೆಕ್ಕದ ಮನುಷ್ಯ, ತನ್ನ ತಪಸ್ಸಿನ ಎಂಟನೇ ಒಂದು ಭಾಗ ಕೊಟ್ಟ. ಎರಡಕ್ಕೆ ಒಂದು, ಎಂಟಕ್ಕೆ ಒಂದು: ದರಗಳೆಲ್ಲ ಅಲ್ಲೇ ಇವೆ. ಎಲ್ಲ ಒಟ್ಟಾದ ಮೇಲೆ ಯಯಾತಿ ಮತ್ತೆ ಟೇಕಾಫ್ ಆದ.

ಆದರೆ ಯಯಾತಿಗೆ ಇಲ್ಲದ ಒಂದು ತೊಂದರೆ ನನಗೆ ಬಂತು. ಕಾರ್ಡಿನ ಮೇಲಿನ ಹೆಸರು, ವಿಮಾನದವರ ಖಾತೆಯ ಹೆಸರು ಒಂದೇ ಇರಬೇಕಂತೆ. ನಾನು ಎಚ್. ಎನ್.; ಎಚ್ ಅಂದರೆ ಊರು, ಎನ್ ಅಂದರೆ ಅಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಬೇಕೇ ಬೇಕೆಂದು ಊರನ್ನೇ ಸರ್‌ನೇಮ್ ಮಾಡಿದ್ದರಿಂದ ವಿಮಾನದವರ ಪಾಲಿಗೆ ನಾನು ಮಿಸ್ಟರ್ ಹೊಳೆನರಸೀಪುರ. ಬ್ಯಾಂಕಿನವರು ಅದನ್ನು ಕಾರ್ಡಿನ ಮೇಲೆ ಕೂರಿಸಲು ನೋಡಿ, ಜಾಗ ಸಾಲದೆ, 'ಹೊಳೆನರಸೀ'ಗೆ ನಿಲ್ಲಿಸಿ ಪುರವನ್ನು ಕೈಬಿಟ್ಟಿದ್ದರು. ಆ ಪುರ ತರಿಸಲು ಹತ್ತಿದ ಫೋನುಗಳು, ಆ ಫೋನಿನಲ್ಲಿ ಬರುವ ವೀಣೆಯ ಸಂಗೀತ, ಈಗಲೂ ಕನಸಿನಲ್ಲಿ ನುಡಿಯುತ್ತವೆ. ಅಂತೂ ಗುಂಡಿ ಒತ್ತಿದೆ. ಒತ್ತಿದ ಮೇಲೆ ಹಿಂದೆ ಬರುವ ದಾರಿ ಇಲ್ಲ. ಮೈಲಿ ಮತ್ತೆ ಪಾಯಿಂಟಾಗುವುದಿಲ್ಲ. ಕೆಲವು ಕಡೆ ಕೂಡಲೇ ಮುಟ್ಟುತ್ತದೆ, ಕೆಲವು ಕಡೆ ದಿನಗಳು ಹಿಡಿಯುತ್ತವೆ. ಅಲ್ಲಿಯ ತನಕ ಬ್ಯಾಂಕಿನಲ್ಲೂ ಇಲ್ಲ, ವಿಮಾನದಲ್ಲೂ ಇಲ್ಲ, ತ್ರಿಶಂಕು.

ಸುಮ್ಮನೆ ಕೂಡಿಟ್ಟುಕೊಳ್ಳೋಣ ಅಂದರೆ ಅದಕ್ಕೂ ಭರವಸೆಯಿಲ್ಲ. ನಮ್ಮ ಬೆಂಗಳೂರಿನದೇ ಕಿಂಗ್‌ಫಿಶರ್ 2012ರಲ್ಲಿ ರೆಕ್ಕೆ ಮಡಚಿದಾಗ ಅದರ ಮೈಲಿಗಳೂ ಸಹಗಮನ ಮಾಡಿದವು. 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ ಮಾತ್ರ ವಿಚಿತ್ರ ನಡೆಯಿತು: ಮೈಲಿ ಯೋಜನೆ ಬೇರೆ ಕಂಪನಿಯಾಗಿದ್ದರಿಂದ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಉಳಿದುಕೊಂಡಿತು. ದೇಹ ಹೋಗಿ ಆತ್ಮ ಉಳಿಯುವುದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಯಾವ ವೇದಾಂತಿಯೂ ಕೊಟ್ಟಿಲ್ಲ. ವಿಸ್ತಾರ ಏರ್‌ಲೈನಿನ ಮೈಲಿಗಳು 2024ರಲ್ಲಿ ಏರ್ ಇಂಡಿಯಾದಲ್ಲಿ ಲೀನವಾದವು, ಅಲ್ಲಿ ಮಹಾರಾಜ ಕ್ಲಬ್ ಎಂಬ ಹೊಸ ನಾಮಕರಣವೂ ಆಯಿತು.

ಹಾಗಾಗಿ ಬೇಗ ಖರ್ಚು ಮಾಡಿ ಎಂದು ಅಳಿಯ ಅವಸರ ಮಾಡಿದ. ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಆಗ ಮೊದಲ ಸಲ ಎದ್ದಿತು. ನಮಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮೈಲಿ ಸಿಂಗಪುರದವರ ಕ್ರಿಸ್‌ಫ್ಲೈಯರ್‌ನಲ್ಲಿ ಇದ್ದದ್ದರಿಂದ ಸಿಂಗಪುರ ಎಂದಾಯಿತು. ಅವರು ಸೀಟು ಬಿಡುವುದು 355 ದಿನ ಮುಂಚೆ, ಅದರಲ್ಲೂ ಅಗ್ಗದ ಮೈಲಿಯ ಸೀಟು ಬೆರಳೆಣಿಕೆ. ಅಳಿಯ ನಡುರಾತ್ರಿ ಎದ್ದು ಕೂತು ಎರಡು ಬಿಸಿನೆಸ್ ಕ್ಲಾಸ್ ಸೀಟು ಹಿಡಿದ. ತೆರಿಗೆಯನ್ನು ದುಡ್ಡಿನಲ್ಲೇ ಕಟ್ಟಬೇಕೆಂದು ಆಮೇಲೆ ಗೊತ್ತಾಯಿತು. ಕಾರ್ಡಿನಲ್ಲಿ ಕಟ್ಟಿದೆ, ಅದಕ್ಕೂ ಪಾಯಿಂಟ್ ಬಂತೆಂದು ಸಮಾಧಾನ ಪಟ್ಟೆ. ಮನೆಯಾಕೆ ಕೇಳಿದ್ದು ಒಂದೇ: "ಅವತ್ತು ದಿನ ಚೆನ್ನಾಗಿದೆಯಾ?" ಹೇಗೆ ಹೇಳಲಿ? ಆ ಸಂವತ್ಸರದ ಪಂಚಾಂಗವೇ ಇನ್ನೂ ಅಚ್ಚಾಗಿರಲಿಲ್ಲ.

ಯುಗಾದಿ ಹತ್ತಿರ ಬಂತು, ಒಂಟಿಕೊಪ್ಪಲ್ ಪಂಚಾಂಗ ಮನೆಗೆ ಬಂತು. ದಿನ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ತುಮಕೂರಿನಲ್ಲಿರುವ ನನ್ನ ಭಾವಮೈದ ಗೃಹಪ್ರವೇಶಕ್ಕೆ ಅದನ್ನೇ ಆರಿಸಿದ್ದ. ಸ್ವಂತ ತಮ್ಮನ ಮನೆ ಬಿಟ್ಟು ಸಿಂಗಪುರಕ್ಕೆ ಹೊರಡುವ ಹೆಂಗಸು ಈ ಭೂಮಿಯ ಮೇಲೆ ಎಲ್ಲಾದರೂ ಇದ್ದಾಳೋ ಏನೋ, ನಮ್ಮ ಮನೆಯಲ್ಲಿ ಇಲ್ಲ. ಶುಲ್ಕ ತೆತ್ತು ಟಿಕೆಟ್ ರದ್ದು ಮಾಡಿದೆ. ಮೈಲಿಗಳು ಕ್ರಿಸ್‌ಫ್ಲೈಯರ್ ಖಾತೆಗೆ ವಾಪಸ್ ಬಂದು, ಮೂರು ವರ್ಷದ ಆಯುಷ್ಯದಲ್ಲಿ ಉಳಿದದ್ದನ್ನು ಎಣಿಸಿಕೊಂಡು ಕೂತಿವೆ.

ಗೃಹಪ್ರವೇಶದ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ತುಮಕೂರಿನ ಕೆಂಪು ಬಸ್ಸು ಹತ್ತಿದೆವು. ಕಂಡಕ್ಟರ್ ಬಂದ. ಮನೆಯಾಕೆ ಆಧಾರ್ ಕಾರ್ಡು ತೋರಿಸಿದಳು; ಅವನು ಮಿಷನ್ನಿನಿಂದ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ನಡೆಯುತ್ತಿದೆಯಲ್ಲ, ಅದು. ಪಾಯಿಂಟಿಲ್ಲ, ದರವಿಲ್ಲ, 355 ದಿನವಿಲ್ಲ, ಕಿಟಕಿ ಪಕ್ಕದ ಸೀಟು. ನಾನು ನೋಟು ಕೊಟ್ಟೆ. ಚಿಲ್ಲರೆ ಇಲ್ಲವೆಂದು ಅವನು ಕೊಡಬೇಕಾದ ಬಾಕಿಯನ್ನು ಟಿಕೆಟಿನ ಹಿಂದೆ ಪೆನ್ನಿನಲ್ಲಿ ಗೀಚಿ, ಸುತ್ತ ಒಂದು ಸೊನ್ನೆ ಸುತ್ತಿ ಕೈಗಿಟ್ಟು ಮುಂದೆ ಹೋದ. ಆ ಚೀಟಿಯನ್ನು ನಾನು ಜೇಬಿಗೆ ಸೇರಿಸುತ್ತಿದ್ದಾಗ ಮನೆಯಾಕೆ ಹೊರಗೆ ನೋಡುತ್ತಲೇ ಹೇಳಿದಳು: "ನೆನಪಿಟ್ಕೊಂಡು ಇಸ್ಕೊಳ್ಳಿ. ತುಮಕೂರು ಬಂದ್ರೆ ಎಕ್ಸ್‌ಪೈರಿ."